ಮಕ್ಕಳ ಓದು: ಮನೆಯ ಪಾಲೆಷ್ಟು, ಶಾಲೆಯ ಪಾಲೆಷ್ಟು?



ಜೂನ್ ತಿಂಗಳು ಹತ್ತಿರ ಬಂತೆಂದರೆ ನಮ್ಮ ಸಂಘಗಳ ವಾರದ ಸಭೆಯಲ್ಲಿ ಸಾಲದ ಅರ್ಜಿಗಳ ರೀತಿಯೇ ಬದಲಾಗಿಬಿಡುತ್ತದೆ. ಬೇರೆ ತಿಂಗಳಲ್ಲಿ ಆಸ್ಪತ್ರೆ ಖರ್ಚು, ಮನೆ ಅಡ್ವಾನ್ಸು, ಹೊಲಿಗೆ ಯಂತ್ರ, ಅಡವಿಟ್ಟ ಒಡವೆ ಬಿಡಿಸೋದು ಅಂತ ಕೇಳುವವರು ಮೇ ಕೊನೆಯ ವಾರದಿಂದ "ಮಗೂ ಫೀಸಿಗೆ" ಅಂತ ಕೇಳಲು ಶುರು ಮಾಡುತ್ತಾರೆ. ಅನ್ನಪೂರ್ಣೇಶ್ವರಿ ನಗರ, ಸುಂಕದಕಟ್ಟೆ, ಹೇರೋಹಳ್ಳಿ, ಮಲ್ಲತ್ತಹಳ್ಳಿ ಕಡೆಯ ಸದಸ್ಯೆಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಗಾರ್ಮೆಂಟ್ಸ್‌ನಲ್ಲಿ ದುಡಿಯುವವರು, ಮನೆಗೆಲಸಕ್ಕೆ ಹೋಗುವವರು, ಗಾರೆ ಕೆಲಸದವರು, ಎಲ್ಲರದೂ ಒಂದೇ ಆಸೆ. ನಾವಂತೂ ಓದಲಿಲ್ಲ, ಮಕ್ಕಳಾದ್ರೂ ಓದಲಿ.

ಒಂದು ಲೆಕ್ಕ ಹಾಕಿ ನೋಡೋಣ. ಸಂಘದಿಂದ 20,000 ರೂಪಾಯಿ ಆಂತರಿಕ ಸಾಲ, ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ, ಹತ್ತು ಕಂತು ಅಂತ ಇಟ್ಟುಕೊಳ್ಳಿ. ತಿಂಗಳಿಗೆ 2,000 ಅಸಲು. ಬಡ್ಡಿ ಮೊದಲ ಕಂತಿಗೆ 400, ಕೊನೆಯ ಕಂತಿಗೆ 40, ಒಟ್ಟು 2,200 ರೂಪಾಯಿ. ಸಾಲ ತೀರುವ ಹೊತ್ತಿಗೆ ಏಪ್ರಿಲ್ ಬಂದಿರುತ್ತದೆ, ಎರಡು ತಿಂಗಳು ಕಳೆದರೆ ಮತ್ತೆ ಜೂನ್. ಹೀಗೆ ಹತ್ತು ವರ್ಷ ಕಟ್ಟಿದ ತಾಯಿ ಹತ್ತನೇ ತರಗತಿಯ ಫಲಿತಾಂಶ ನೋಡಿ "ಇಷ್ಟು ಖರ್ಚು ಮಾಡಿದ್ರೂ ಯಾಕೆ ಹಿಂಗಾಯ್ತು?" ಎಂದು ಕೇಳಿದರೆ ಏನು ಉತ್ತರ ಹೇಳೋದು? ಮಗುವಿಗೆ ತಲೆ ಇಲ್ಲ ಅಂತಲೇ? ಹಣೆಬರಹ ಅಂತಲೇ?

ಎರಡೂ ಅಲ್ಲ. ಮಗುವಿನ ಓದು ಹೇಗೆ ಸಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಅನೇಕರು ಅಭ್ಯಾಸ ಮಾಡಿ ನೋಡಿದ್ದಾರೆ. ಅದರಲ್ಲಿ ನಮ್ಮ ಕೈಯಲ್ಲಿ ಇಲ್ಲದ್ದೂ ಇದೆ, ನಮ್ಮ ಕೈಯಲ್ಲಿ ಇದ್ದೂ ನಾವು ಬಳಸದೇ ಇರುವುದೂ ಇದೆ.

ಮನೆಯಿಂದ ಮಗು ಹೊತ್ತು ತರುವುದು

1966ರಲ್ಲಿ ಅಮೆರಿಕದಲ್ಲಿ ಜೇಮ್ಸ್ ಕೋಲ್ಮನ್ ಎಂಬ ಸಮಾಜಶಾಸ್ತ್ರಜ್ಞರು ಸರ್ಕಾರಕ್ಕೆ ಒಂದು ದೊಡ್ಡ ವರದಿ ಕೊಟ್ಟರು. ಸುಮಾರು 6 ಲಕ್ಷ ವಿದ್ಯಾರ್ಥಿಗಳ ವಿವರ ಸೇರಿಸಿ ಮಾಡಿದ ಅಧ್ಯಯನ ಅದು. ಒಳ್ಳೆಯ ಕಟ್ಟಡ, ಪ್ರಯೋಗಾಲಯ, ಪುಸ್ತಕ ಇದ್ದರೆ ಮಕ್ಕಳು ಚೆನ್ನಾಗಿ ಕಲಿಯುತ್ತಾರೆ, ಇಲ್ಲದಿದ್ದರೆ ಇಲ್ಲ ಅಂತ ಎಲ್ಲರೂ ನಂಬಿದ್ದರು. ವರದಿಯಲ್ಲಿ ಬಂದದ್ದು ಬೇರೆ. ಮಕ್ಕಳ ನಡುವಿನ ಅಂತರಕ್ಕೆ ಕಟ್ಟಡಕ್ಕಿಂತ ಹೆಚ್ಚಿನ ಕಾರಣ ಅವರ ಮನೆಯ ಹಿನ್ನೆಲೆ. ಅದರ ಜೊತೆಗೆ, ಪಕ್ಕದಲ್ಲಿ ಕೂತು ಓದುವ ಮಕ್ಕಳು ಯಾರು ಎಂಬುದೂ ಲೆಕ್ಕಕ್ಕೆ ಬರುತ್ತದೆ ಎಂದು ಆ ವರದಿ ಹೇಳಿತು.

ಹಿನ್ನೆಲೆ ಅಂದರೆ ಬರೀ ದುಡ್ಡು ಅಂತ ತಿಳಿಯಬೇಡಿ. ಒಂದೇ ಕೋಣೆಯ ಶೀಟಿನ ಮನೆಯಲ್ಲಿ ಐದು ಜನ ಇದ್ದು, ರಾತ್ರಿ ಟಿ.ವಿ. ಹಾಕಿದ್ದರೆ ಮಗು ಪುಸ್ತಕ ಹಿಡಿದು ಎಲ್ಲಿ ಕೂರಬೇಕು? ತಾಯಿ ಎಂಟೂವರೆಗೆ ಕಾರ್ಖಾನೆ ವ್ಯಾನ್ ಹಿಡಿಯಬೇಕಾದರೆ ಚಿಕ್ಕ ಮಗುವಿಗೆ ತಿಂಡಿ ತಿನ್ನಿಸಿ, ನೀರು ಹಿಡಿದಿಟ್ಟು, ಬೀಗ ಹಾಕಿ ಹೋಗುವವಳು ಏಳನೇ ತರಗತಿಯ ದೊಡ್ಡ ಮಗಳು. ಅವಳು ತರಗತಿಗೆ ಬರುವ ಹೊತ್ತಿಗೆ ಪ್ರಾರ್ಥನೆ ಮುಗಿದು ಲೆಕ್ಕದ ಪಾಠ ಅರ್ಧ ಆಗಿರುತ್ತದೆ. ದಿನಾ ಹೀಗೆ ಆದರೆ ಹುಡುಗಿಗೆ ಲೆಕ್ಕ ಬರೋದಿಲ್ಲ ಅಂತ ಹೆಸರು ಬೀಳುತ್ತದೆ. ನಿಜಕ್ಕೂ ಅವಳಿಗೆ ಬಾರದೇ ಇದ್ದದ್ದು ಲೆಕ್ಕ ಅಲ್ಲ, ಮೊದಲ ಇಪ್ಪತ್ತು ನಿಮಿಷ.

ಭಾಷೆಯ ವಿಷಯ ನೋಡಿ. ನಮ್ಮ ಕಡೆ ಕಟ್ಟಡ ಕೆಲಸಕ್ಕೆ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬಂದ ಕುಟುಂಬಗಳು ಬೇಕಾದಷ್ಟಿವೆ. ಅವರ ಮಕ್ಕಳದೂ ಕನ್ನಡವೇ. ಆದರೆ ಆ ಮಗು ದುಡ್ಡಿಗೆ ರೊಕ್ಕ ಅನ್ನುತ್ತದೆ, ತಿಂಡಿಗೆ ನಾಷ್ಟಾ ಅನ್ನುತ್ತದೆ, ಕಸ ಗುಡಿಸುವುದಕ್ಕೆ ಕಸ ಹೊಡೆಯುವುದು ಅನ್ನುತ್ತದೆ, ದೊಡ್ಡ ಮರವನ್ನೂ ಗಿಡ ಅನ್ನುತ್ತದೆ. ತರಗತಿಯಲ್ಲಿ ಒಂದು ಸಲ "ಹೌದ್ರೀ ಮಿಸ್" ಅಂದದ್ದಕ್ಕೆ ಎಲ್ಲರೂ ನಕ್ಕರೆ ಆ ಮಗು ಮುಂದೆ ಬಾಯಿ ಬಿಡುವುದು ಕಷ್ಟ. ಮನೆಯಲ್ಲಿ ತಮಿಳು, ತೆಲುಗು, ಉರ್ದು ಮಾತನಾಡುವ ಮಕ್ಕಳದೂ ಇದೇ ಪಾಡು. ಬಾಯಿ ಬಿಡದ ಮಗುವಿಗೆ ಗೊತ್ತಿದೆಯೋ ಇಲ್ಲವೋ ಅಂತ ಯಾರಿಗೆ ತಿಳಿಯುತ್ತದೆ?

ಹಾಗಾದರೆ ಬಡವರ ಮಕ್ಕಳ ಕಥೆ ಮುಗಿಯಿತೇ? ಇಲ್ಲ. ಇದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಸಾಕ್ಷಿ ಇದೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದಾಗಲೆಲ್ಲ ಪತ್ರಿಕೆಯಲ್ಲಿ "ಬಾಲಕಿಯರದ್ದೇ ಮೇಲುಗೈ" ಅನ್ನುವ ತಲೆಬರಹ ನೋಡಿಯೇ ಇರುತ್ತೀರಿ. ವರ್ಷ ವರ್ಷವೂ ಅದೇ. ಹುಡುಗರು ಹುಡುಗಿಯರು ಬೇರೆ ಬೇರೆ ಮನೆಯಿಂದ ಬಂದವರಲ್ಲವಲ್ಲ! ಅದೇ ಅಪ್ಪ, ಅದೇ ಅಮ್ಮ, ಅದೇ ಒಂದು ಕೋಣೆ. ಅಷ್ಟೇ ಅಲ್ಲ, ಮನೆಕೆಲಸದ ಹೊರೆ ಹೆಣ್ಣುಮಕ್ಕಳ ಮೇಲೇ ಜಾಸ್ತಿ. ಆದರೂ ಅವರೇ ಮುಂದೆ. ಇದಕ್ಕೆ ಕಾರಣಗಳು ಹಲವು ಇರಬಹುದು. ಆದರೆ ಮನೆಯ ಹಿನ್ನೆಲೆ ಒಂದೇ ಎಲ್ಲವನ್ನೂ ತೀರ್ಮಾನ ಮಾಡುವುದಿಲ್ಲ ಎಂಬುದಂತೂ ಗೊತ್ತಾಗುತ್ತದೆ. ಶಾಲೆಯ ಜೊತೆ ಮಗುವಿಗೆ ಎಂಥ ನಂಟು ಇದೆ, ಸಂಜೆ ಯಾರ ಜೊತೆ ಸೇರುತ್ತದೆ, ಟೀಚರ್ ಹತ್ತಿರ ಮಾತಾಡುತ್ತದೆಯೇ, ಇವೂ ಲೆಕ್ಕಕ್ಕೆ ಬರುತ್ತವೆ. ಗಂಡುಮಗ ರಾತ್ರಿ ಎಂಟಕ್ಕೆ ಬಂದರೂ ಎಲ್ಲಿದ್ದೆ ಅಂತ ಕೇಳದ ಮನೆಯಲ್ಲಿ ಹೆಣ್ಣುಮಗಳಿಗೆ ಮಾತ್ರ ಆ ಪ್ರಶ್ನೆ ಕೇಳುತ್ತೇವೆ. ಇದು ನಾವೇ ಯೋಚಿಸಬೇಕಾದ ವಿಷಯ.

ಟೀಚರ್ ಮನಸ್ಸಿನಲ್ಲಿ ಏನಿದೆ

ಕ್ಯಾಲಿಫೋರ್ನಿಯಾದ ಒಂದು ಪ್ರಾಥಮಿಕ ಶಾಲೆಯಲ್ಲಿ 1965ರಲ್ಲಿ ರಾಬರ್ಟ್ ರೋಸೆಂತಾಲ್ ಎಂಬ ಮನಶ್ಶಾಸ್ತ್ರಜ್ಞರು, ಲೆನೋರ್ ಜೇಕಬ್ಸನ್ ಎಂಬ ಮುಖ್ಯೋಪಾಧ್ಯಾಯಿನಿ ಸೇರಿ ಒಂದು ಪ್ರಯೋಗ ಮಾಡಿದರು. ಮಕ್ಕಳಿಗೆಲ್ಲ ಒಂದು ಪರೀಕ್ಷೆ ಕೊಟ್ಟು, "ಈ ಕೆಲವು ಮಕ್ಕಳು ಈ ವರ್ಷ ಬಹಳ ಮುಂದೆ ಬರುತ್ತಾರೆ" ಅಂತ ಟೀಚರುಗಳಿಗೆ ಹೆಸರು ಕೊಟ್ಟರು. ಐದರಲ್ಲಿ ಒಂದು ಪಾಲು ಮಕ್ಕಳ ಹೆಸರುಗಳವು. ನಿಜವಾಗಿ ಆ ಹೆಸರುಗಳನ್ನು ಆರಿಸಿದ್ದು ಪರೀಕ್ಷೆ ನೋಡಿ ಅಲ್ಲ, ಚೀಟಿ ಎತ್ತಿದ ಹಾಗೆ. ವರ್ಷದ ಕೊನೆಗೆ ನೋಡಿದರೆ ಒಂದು ಮತ್ತು ಎರಡನೇ ತರಗತಿಯಲ್ಲಿ ಆ ಮಕ್ಕಳು ನಿಜಕ್ಕೂ ಮುಂದೆ ಬಂದಿದ್ದರು. ಈ ಪರಿಣಾಮ ಎಷ್ಟು ದೊಡ್ಡದು ಎಂಬ ಬಗ್ಗೆ ವಿದ್ವಾಂಸರು ಆಮೇಲೆ ಬಹಳ ಜಗಳ ಆಡಿದ್ದಾರೆ, ಅದು ಬೇರೆ ಮಾತು. ಆದರೆ ಟೀಚರ್ ಒಂದು ಮಗುವಿನ ಮೇಲೆ ಭರವಸೆ ಇಟ್ಟರೆ ಆ ಮಗುವಿಗೆ ಇನ್ನೊಂದು ಪ್ರಶ್ನೆ ಕೇಳುತ್ತಾರೆ, ಉತ್ತರಕ್ಕೆ ಇನ್ನಷ್ಟು ಹೊತ್ತು ಕಾಯುತ್ತಾರೆ. ಭರವಸೆ ಇಲ್ಲದ ಮಗುವನ್ನು "ಕೂತ್ಕೋ" ಅಂತಾರೆ. ಇದನ್ನು ಶಾಲೆಗೆ ಹೋದ ಯಾರೂ ಬಲ್ಲರು.

ನಮ್ಮ ದೇಶದ್ದೇ ಇನ್ನೊಂದು ಪ್ರಯೋಗ ಇದಕ್ಕಿಂತ ಮನಸ್ಸಿಗೆ ತಟ್ಟುತ್ತದೆ. ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯ ಹಳ್ಳಿಗಳಲ್ಲಿ ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಎಂಬ ಸಂಶೋಧಕಿಯರು 6 ಮತ್ತು 7ನೇ ತರಗತಿಯ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಆಟ ಕೊಟ್ಟರು. ಬಿಡಿಸಿದ ಪ್ರತಿ ಆಟಕ್ಕೂ ಕಾಸು. ಜಾತಿಯ ಮಾತೇ ಎತ್ತದೆ ಆಡಿಸಿದಾಗ ಮೇಲ್ಜಾತಿಯ ಹುಡುಗರು, ಕೆಳಜಾತಿ ಅನ್ನಿಸಿಕೊಂಡ ಹುಡುಗರು ಹೆಚ್ಚುಕಡಿಮೆ ಒಂದೇ ಸಮ ಬಿಡಿಸಿದರು. ಪ್ರತಿ ಹುಡುಗನ ಹೆಸರಿನ ಜೊತೆ ಅಪ್ಪನ ಹೆಸರು, ಜಾತಿ ಎಲ್ಲರೆದುರು ಓದಿ ಹೇಳಿದ ಮೇಲೆ ಆಡಿಸಿದಾಗ ಕೆಳಜಾತಿಯ ಹುಡುಗರು ಬಿಡಿಸಿದ್ದು ಗಣನೀಯವಾಗಿ ಕಡಿಮೆಯಾಯಿತು. 2004ರಲ್ಲಿ ಇದರ ವರದಿ ಹೊರಬಂತು. ಮೇಲ್ಜಾತಿಯವರಿಗಿಂತ ಬುದ್ಧಿಯಲ್ಲಿ ಅವರೇನೂ ಕಡಿಮೆ ಇರಲಿಲ್ಲ. ಎಲ್ಲರ ಮುಂದೆ "ನೀನು ಇಂಥವನ ಮಗ" ಅಂತ ನೆನಪು ಮಾಡಿದ್ದಷ್ಟೇ ಸಾಕಾಯಿತು. ನಮ್ಮ ಶಾಲೆಗಳಲ್ಲಿ "ಸ್ಕಾಲರ್‌ಷಿಪ್ ಮಕ್ಕಳು ಎದ್ದು ನಿಲ್ಲಿ", "ಫೀಸು ಬಾಕಿ ಇರೋರು ಹೊರಗೆ ಬನ್ನಿ" ಅನ್ನುವಾಗ ಆಗುವುದೂ ಇದೇ.

ನಮ್ಮ ಪಶ್ಚಿಮ ಬೆಂಗಳೂರಿನದೇ ಒಂದು ಬದುಕನ್ನು ನೋಡಿ. ಕವಿ ಸಿದ್ಧಲಿಂಗಯ್ಯನವರು 1954ರಲ್ಲಿ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದವರು. ಬಡ ದಲಿತ ಕುಟುಂಬ. ಬೆಂಗಳೂರಿಗೆ ಬಂದು ಶ್ರೀರಾಮಪುರದಲ್ಲಿ ಬೆಳೆದರು, ಹಾಸ್ಟೆಲಿನಲ್ಲಿದ್ದು ಓದಿದರು. ಸ್ಮಶಾನದಲ್ಲಿ ಕೂತು ಓದಿಕೊಳ್ಳುತ್ತಿದ್ದ ದಿನಗಳ ನೆನಪೂ ಅವರದ್ದು. ಅದೇ ಹುಡುಗ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಜಿ.ಎಸ್. ಶಿವರುದ್ರಪ್ಪನವರಂಥ ಗುರುಗಳ ಶಿಷ್ಯರಾಗಿ, ಮುಂದೆ ಅಲ್ಲೇ ಪ್ರಾಧ್ಯಾಪಕರಾದರು. ವಿಧಾನ ಪರಿಷತ್ ಸದಸ್ಯರಾದರು, 2015ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 2021ರಲ್ಲಿ ತೀರಿಕೊಂಡರು. ಅವರು ಪಾಠ ಹೇಳಿದ ಜ್ಞಾನಭಾರತಿ ನಮ್ಮ ಅನ್ನಪೂರ್ಣೇಶ್ವರಿ ನಗರಕ್ಕೆ ಎಷ್ಟು ದೂರ? ಅವರ ಆತ್ಮಕಥೆ "ಊರು ಕೇರಿ" ಗ್ರಂಥಾಲಯದಲ್ಲಿ ಸಿಕ್ಕರೆ ಓದಿ, ಅಥವಾ ಮಕ್ಕಳ ಕೈಲಿ ಓದಿಸಿ ಕೇಳಿ. ನಗು ಬರುತ್ತದೆ, ಕಣ್ಣೀರೂ ಬರುತ್ತದೆ. ಒಬ್ಬರು ಗೆದ್ದರು ಅಂತ ಎಲ್ಲರೂ ಗೆಲ್ಲಬಹುದಿತ್ತು ಅಂತ ಅರ್ಥವಲ್ಲ. ಅವರ ಕೇರಿಯ ಎಷ್ಟೋ ಹುಡುಗರ ಕಥೆ ಪುಸ್ತಕ ಆಗಲಿಲ್ಲ. ಆದರೆ ಹಾಸ್ಟೆಲ್, ಗೆಳೆಯರು, ಪುಸ್ತಕ, ಗುರುತು ಹಿಡಿದ ಗುರುಗಳು ಇವೆಲ್ಲ ಒಟ್ಟಿಗೆ ಸಿಕ್ಕರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಡ.

ಗೇಟಿನ ಹೊರಗೆ ನಿಲ್ಲುವ ತಾಯಿ

ಈಗ ನಮ್ಮ ವಿಷಯಕ್ಕೆ ಬರೋಣ. ಶಾಲೆಗೆ ಮಗುವನ್ನು ಸೇರಿಸುವಾಗ ನಾವು ಏನು ಹೇಳುತ್ತೇವೆ? "ನಿಮ್ದೇ ಮಗು ಅಂದ್ಕೊಳ್ಳಿ ಸಾರ್. ಓದ್ಲಿಲ್ಲ ಅಂದ್ರೆ ನಾಲ್ಕು ಬಿಡಿ, ಬುದ್ಧಿ ಬರಲಿ." ನಾವು ಇದನ್ನು ಗೌರವದಿಂದ, ನಂಬಿಕೆಯಿಂದ ಹೇಳುತ್ತೇವೆ. ಆದರೆ ಈ ಮಾತಿನಿಂದ ಆಗುವುದೇನು? ಮಗುವನ್ನು ಒಪ್ಪಿಸಿ ನಾವು ಹಿಂದೆ ಸರಿದಂತಾಯಿತು.

ಆನೆಟ್ ಲರೋ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆ ಕೂಲಿಕಾರರ ಮಕ್ಕಳ ಶಾಲೆ ಒಂದು, ಅನುಕೂಲಸ್ಥರ ಮಕ್ಕಳ ಶಾಲೆ ಒಂದು, ಎರಡರಲ್ಲೂ ಕೂತು ನೋಡಿ 1989ರಲ್ಲಿ ಪುಸ್ತಕ ಬರೆದರು. ಮಕ್ಕಳು ಓದಬೇಕೆಂಬ ಆಸೆ ಎರಡೂ ಕಡೆ ಇತ್ತು. ವ್ಯತ್ಯಾಸ ಇದ್ದದ್ದು ಇಲ್ಲಿ: ದುಡಿಯುವ ವರ್ಗದ ತಾಯಿ ತಂದೆಯರು ಪಾಠ ಹೇಳುವುದು ಟೀಚರ ಕೆಲಸ, ನಾವು ಓದಿದವರಲ್ಲ, ನಾವೇನು ಹೇಳೋದು ಎಂದು ದೂರ ಉಳಿದರು. ಅನುಕೂಲಸ್ಥರು ಶಾಲೆಗೆ ಹೋಗಿ ಕೇಳಿದರು, ಟೀಚರನ್ನು ಪ್ರಶ್ನೆ ಮಾಡಿದರು, ತಮ್ಮ ತಮ್ಮಲ್ಲೇ ಮಾತಾಡಿಕೊಂಡು ಯಾವ ತರಗತಿಯಲ್ಲಿ ಏನು ನಡೆಯುತ್ತದೆ ಎಂದು ತಿಳಿದುಕೊಂಡರು. ಸಾವಿರಾರು ಮೈಲಿ ದೂರದ ಮಾತಾದರೂ ನಮ್ಮ ಬೀದಿಯದೇ ಅನ್ನಿಸುವುದಿಲ್ಲವೇ?

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಆ 20,000 ರೂಪಾಯಿ ಸಾಲವನ್ನು ಮತ್ತೊಮ್ಮೆ ನೋಡಿ. ಖಾಸಗಿ ಶಾಲೆ ಬೇಡ ಅಂತ ನಾವು ಹೇಳುತ್ತಿಲ್ಲ. ಆದರೆ ಎಷ್ಟೋ ಸಲ ಫೀಸು ಜಾಸ್ತಿ ಆದಷ್ಟೂ ತಾಯಿಯ ದನಿ ಕಡಿಮೆಯಾಗುತ್ತದೆ. ಅಲ್ಲಿ ಇಂಗ್ಲಿಷ್‌ನಲ್ಲಿ ಮಾತಾಡ್ತಾರೆ, ನನ್ನ ಸೀರೆ ಸರಿ ಇಲ್ಲ, ಫೀಸು ಬಾಕಿ ಇದೆ ಎಂದು ಅವಳು ಪೋಷಕರ ಸಭೆಗೇ ಹೋಗುವುದಿಲ್ಲ. ಮಗುವಿಗೂ ಅದು ಗೊತ್ತಾಗುತ್ತದೆ, "ಅಮ್ಮ, ನೀನು ಬರಬೇಡ" ಅನ್ನುತ್ತದೆ. ದುಡ್ಡು ಹೋಯಿತು, ನಂಟೂ ಹೋಯಿತು. ನನ್ನನ್ನು ಕೇಳಿದರೆ, ಶಾಲೆ ಆರಿಸುವಾಗ ಕಟ್ಟಡ, ಬಸ್ಸು, ಟೈ ನೋಡುವ ಮೊದಲು ಇದನ್ನು ನೋಡಬೇಕು: ಈ ಗೇಟಿನೊಳಗೆ ನಾನು ಹೆದರದೆ ಹೋಗಿ ನನ್ನ ಮಗಳ ಟೀಚರ್ ಜೊತೆ ಹತ್ತು ನಿಮಿಷ ಮಾತಾಡಬಲ್ಲೆನೇ?

ಫೀಸಿಲ್ಲದೆ ಖಾಸಗಿ ಶಾಲೆ ಸೇರಿಸುವ ಶೇ. 25ರ ಆರ್.ಟಿ.ಇ. ಸೀಟುಗಳ ಬಗ್ಗೆಯೂ ಅನೇಕರು ಕೇಳುತ್ತಾರೆ. ಕರ್ನಾಟಕದಲ್ಲಿ 2012ರಿಂದ ಅವು ಸಿಗುತ್ತಿದ್ದವು. 2019ರಲ್ಲಿ ನಿಯಮ ಬದಲಾಗಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಕೇಳುವಂತಿಲ್ಲ ಎಂದಾಯಿತು.

ಸರ್ಕಾರಿ ಶಾಲೆಯಲ್ಲಾದರೆ ಒಳಗೆ ಹೋಗಲು ನಮಗೆ ಕಾನೂನೇ ಬಾಗಿಲು ತೆರೆದಿದೆ. ಡಾ. ರಾಜಾ ರಾಮಣ್ಣನವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ಕರ್ನಾಟಕ ಸರ್ಕಾರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್.ಡಿ.ಎಂ.ಸಿ.ಗಳನ್ನು ರಚಿಸಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಯನ್ನು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಕಡ್ಡಾಯ ಮಾಡಿತು. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರು ಇರಬೇಕು. ಶಾಲೆ ಹೇಗೆ ನಡೆಯುತ್ತಿದೆ, ಬಂದ ಹಣ ಹೇಗೆ ಖರ್ಚಾಗುತ್ತಿದೆ ಅಂತ ನೋಡುವ ಅಧಿಕಾರ ಇದಕ್ಕಿದೆ. ಸಂಘದಲ್ಲಿ ನಡಾವಳಿ ಬರೆದು, ಲೆಕ್ಕ ಓದಿ, ಬ್ಯಾಂಕ್ ಮ್ಯಾನೇಜರ್ ಎದುರು ಕೂತು ಮಾತಾಡಿದ ಸದಸ್ಯೆಗೆ ಇದೇನು ಹೊಸದೇ? ಆದರೂ ಎಷ್ಟೋ ಕಡೆ ಮಹಿಳಾ ಸದಸ್ಯೆಯರು ಸಹಿಗೆ ಮಾತ್ರ ಅನ್ನುವಂತಾಗಿದೆ.

ಅದೇ ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಆದ್ದರಿಂದ "ನಾಲ್ಕು ಬಿಡಿ" ಅನ್ನುವ ಮಾತನ್ನು ಇನ್ನು ಬಿಟ್ಟುಬಿಡೋಣ. ಏಟಿಗೆ ಹೆದರಿದ ಮಗು ಅರ್ಥವಾಗದ್ದನ್ನು ಕೇಳುವುದಿಲ್ಲ.

ತಪ್ಪಿಹೋದ ದಿನಗಳು

ಹತ್ತಿ ಬಿಡಿಸುವ ಕಾಲಕ್ಕೆ ಊರಿಗೆ ಹೋಗಿ ತಿಂಗಳು ಬಿಟ್ಟು ಬರುವ ಮಕ್ಕಳಿದ್ದಾರೆ, ಬಾಡಿಗೆ ಮನೆ ಬದಲಾಯಿಸಿ ವರ್ಷದ ನಡುವೆ ಶಾಲೆ ಬದಲಾಯಿಸುವವರಿದ್ದಾರೆ. ಇವರ ಕಷ್ಟ ತಿಳಿದೇ ನಮ್ಮ ರಾಜ್ಯದಲ್ಲಿ ಒಂದು ಒಳ್ಳೆಯ ಕೆಲಸ ನಡೆಯಿತು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ "ನಲಿ ಕಲಿ", 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆ ಬಂತು. ಅದರಲ್ಲಿ ಪಾಠಗಳನ್ನು ಏಣಿಯ ಮೆಟ್ಟಿಲಿನಂತೆ ಜೋಡಿಸಿದ್ದಾರೆ. ಹದಿನೈದು ದಿನ ತಪ್ಪಿಸಿಕೊಂಡ ಮಗು ವಾಪಸ್ ಬಂದರೆ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಮಕ್ಕಳು ಗುಂಪಿನಲ್ಲಿ ಕೂರುತ್ತಾರೆ, ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳಿಕೊಡುತ್ತಾರೆ. ಅಲ್ಲಿ ಹಿಂದಿನ ಬೆಂಚು ಅಂತ ಇಲ್ಲ. ಕಷ್ಟ ಶುರುವಾಗುವುದು ಆಮೇಲೆ. ದೊಡ್ಡ ತರಗತಿಗಳಲ್ಲಿ ಪಾಠ ಯಾರಿಗೂ ಕಾಯುವುದಿಲ್ಲ. ಎಂಟನೇ ತರಗತಿಗೆ ಪ್ರೌಢಶಾಲೆಗೆ ಹೋದಾಗ ಟೀಚರ್ ಹೊಸಬರು, ಜೊತೆಗಾರರು ಹೊಸಬರು. ಹಳೆಯ ನಂಟು ಕಡಿದು ಹೊಸದು ಬೆಳೆಯುವ ಈ ಒಂದು ವರ್ಷದಲ್ಲಿ ಮಕ್ಕಳು ಶಾಲೆ ತಪ್ಪಿಸಲು ಶುರು ಮಾಡುತ್ತಾರೆ. ಎಂಟನೇ ತರಗತಿಯ ಮಕ್ಕಳ ತಾಯಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು.

2013ರಲ್ಲಿ ಶಾಲೆಯಿಂದ ಹೊರಗುಳಿದ ಮಕ್ಕಳ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಕರ್ನಾಟಕ ಹೈಕೋರ್ಟ್ ತಾನಾಗಿಯೇ ಆ ವಿಷಯ ಕೈಗೆತ್ತಿಕೊಂಡಿತು. ಅದಾದ ಮೇಲೆ ಏಳು ದಿನ ಸತತ ಬಾರದ ಮಗುವನ್ನೇ ಶಾಲೆಯಿಂದ ಹೊರಗುಳಿದ ಮಗು ಎಂದು ಪರಿಗಣಿಸಿ ವಿಚಾರಿಸುವ ನಿಯಮ ಬಂತು. ವಯಸ್ಸಿನ ದಾಖಲೆ ಇಲ್ಲ ಅಂತಲೋ, ಟಿ.ಸಿ. ಬಂದಿಲ್ಲ ಅಂತಲೋ, ವರ್ಷದ ನಡುವೆ ಬಂದಿರಿ ಅಂತಲೋ 6ರಿಂದ 14 ವಯಸ್ಸಿನ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ನಿಮ್ಮ ವಠಾರಕ್ಕೆ ಹೊಸದಾಗಿ ಬಂದ ಕುಟುಂಬಕ್ಕೆ ಇದನ್ನು ತಿಳಿಸಿ.

ಸಂಘ ಏನು ಮಾಡಬಹುದು

ಗಾರ್ಮೆಂಟ್ಸ್‌ನವರಿಗೆ ಶನಿವಾರವೂ ಕೆಲಸ, ರಜೆ ಹಾಕಿದರೆ ಸಂಬಳ ಕಟ್. ಅವರನ್ನು ಶಾಲೆಗೆ ಹೋಗಿ ಅಂತ ಬೈಯ್ಯುವುದು ಸುಲಭ, ಹೋಗುವುದು ಸುಲಭವಲ್ಲ. ಆದರೆ ಮನೆಗೆಲಸಕ್ಕೆ ಹೋಗುವ ಸದಸ್ಯೆಗೆ ಹನ್ನೊಂದರಿಂದ ಮೂರರವರೆಗೆ ಬಿಡುವಿರುತ್ತದೆ. ಅವಳು ತನ್ನ ಮಗುವಿನ ಜೊತೆ ಅದೇ ಶಾಲೆಯ ಇನ್ನು ಮೂರು ಮಕ್ಕಳ ಬಗ್ಗೆಯೂ ವಿಚಾರಿಸಿ ಬರಬಹುದು. ಆ ತಾಯಂದಿರು ಒಂದು ಚೀಟಿ ಬರೆದುಕೊಟ್ಟರೆ ಆಯಿತು. ಇಬ್ಬರು ಒಟ್ಟಿಗೆ ಹೋದರೆ ಧೈರ್ಯ ಜಾಸ್ತಿ.

ಹೋದಾಗ "ಎಷ್ಟು ಮಾರ್ಕ್ಸ್ ಬಂತು?" ಅಂತ ಕೇಳಬೇಡಿ, ಅದು ಪ್ರಗತಿ ಪತ್ರದಲ್ಲೇ ಇರುತ್ತದೆ. ಅವಳು ಯಾರ ಪಕ್ಕ ಕೂರುತ್ತಾಳೆ, ತರಗತಿಯಲ್ಲಿ ಮಾತಾಡುತ್ತಾಳಾ, ಯಾವ ಪಾಠದಿಂದ ಹಿಂದೆ ಬಿದ್ದಳು ಅಂತ ಕೇಳಿ. ಮನೆಯ ವಿಷಯವನ್ನು ಟೀಚರಿಗೆ ತಿಳಿಸುವುದೂ ಅಷ್ಟೇ ಮುಖ್ಯ. ತಡವಾಗಿ ಬರುವುದು ತಮ್ಮನನ್ನು ನೋಡಿಕೊಳ್ಳುವುದರಿಂದ, ಅಪ್ಪನಿಗೆ ಹುಷಾರಿಲ್ಲ, ಮನೆ ಬದಲಾಯಿಸಿದೆವು, ಇಂಥದ್ದು ಗೊತ್ತಾದರೆ ಸೋಮಾರಿ ಅಂದುಕೊಂಡಿದ್ದ ಟೀಚರ್ ನೋಡುವ ರೀತಿಯೇ ಬದಲಾಗಬಹುದು. ಒಬ್ಬೊಬ್ಬ ಟೀಚರಿಗೂ ಎಷ್ಟೊಂದು ಮಕ್ಕಳು, ಎಷ್ಟೊಂದು ದಾಖಲೆ ಕೆಲಸ. ನಾವು ಹೇಳದಿದ್ದರೆ ಅವರಿಗೆ ತಿಳಿಯುವುದು ಹೇಗೆ?

ಮಾತುಕತೆ ಇದ್ದರೆ ಸುದ್ದಿಯೂ ಸಿಗುತ್ತದೆ. ಉದಾಹರಣೆಗೆ ಎನ್.ಎಂ.ಎಂ.ಎಸ್. ಪರೀಕ್ಷೆ. ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ತರಗತಿಯ ಮಕ್ಕಳು ಬರೆಯಬಹುದು, ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷದೊಳಗಿರಬೇಕು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ನೋಂದಾಯಿತ ಕಟ್ಟಡ ಕಾರ್ಮಿಕರ ಮಕ್ಕಳಿಗೆ ಅವರ ಕಲ್ಯಾಣ ಮಂಡಳಿಯಿಂದ ಬೇರೆ ಸಹಾಯಧನವಿದೆ. ಹತ್ತನೇ ತರಗತಿಯಲ್ಲಿ ಫೇಲಾದರೂ ಹೆದರಬೇಕಿಲ್ಲ, ಅದೇ ವರ್ಷದಲ್ಲಿ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಕೊಟ್ಟಿದ್ದಾರೆ. ಎಷ್ಟೋ ಮಕ್ಕಳು ಫಲಿತಾಂಶದ ದಿನವೇ ಗ್ಯಾರೇಜಿಗೋ ಗಾರ್ಮೆಂಟ್ಸಿಗೋ ಸೇರಿಬಿಡುತ್ತಾರೆ, ಎರಡನೇ ಪರೀಕ್ಷೆಗೆ ಅರ್ಜಿ ಹಾಕುವ ದಿನಾಂಕ ಹೇಳುವವರೇ ಇರುವುದಿಲ್ಲ.

ಓದು ಬರದ ತಾಯಿಯೂ ಮನೆಯಲ್ಲಿ ಮಾಡಬಹುದಾದದ್ದು ಇದೆ. ಅಡುಗೆ ಮಾಡುತ್ತಲೇ "ಇವತ್ತು ಮಿಸ್ ಏನು ಹೇಳಿದ್ರು, ನನಗೂ ಹೇಳು" ಅನ್ನಿ. ಹೇಳುವಾಗ ಎಲ್ಲಿ ತಡವರಿಸುತ್ತದೋ ಅಲ್ಲಿ ಅರ್ಥವಾಗಿಲ್ಲ ಅಂತ ತಿಳಿಯಿರಿ, ಮಾರನೇ ದಿನ ಟೀಚರನ್ನು ಕೇಳಲು ಹೇಳಿ ಕಳಿಸಿ. ಸಂಘದ ಒಬ್ಬರ ಮನೆಯ ವರಾಂಡದಲ್ಲಿ ಸಂಜೆ ಆರರಿಂದ ಏಳೂವರೆ ಟಿ.ವಿ. ಇಲ್ಲದೆ ಮಕ್ಕಳು ಒಟ್ಟಿಗೆ ಕೂರುವ ಏರ್ಪಾಡು ಮಾಡಿದರೆ ಒಂದು ಬಲ್ಬಿನ ಕರೆಂಟು ಖರ್ಚು, ಅಷ್ಟೇ. ಪಾಠ ಹೇಳುವವರು ಬೇಕಿಲ್ಲ, ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡುತ್ತಾರೆ. ಸದಸ್ಯೆಯರು ಸರದಿಯಂತೆ ಒಬ್ಬೊಬ್ಬರು ಅಲ್ಲಿದ್ದರೆ ಸಾಕು. ಯಾದಗಿರಿಯ ಮಗುವೂ ಮಂಡ್ಯದ ಮಗುವೂ ಒಂದೇ ಚಾಪೆಯಲ್ಲಿ ಕೂತರೆ ರೊಕ್ಕ ಅಂದರೂ ದುಡ್ಡು ಅಂದರೂ ಯಾರೂ ನಗುವುದಿಲ್ಲ.

ಈ ಜೂನ್ ತಿಂಗಳ ಮೊದಲ ಸಭೆಯಲ್ಲಿ ಸಾಲದ ಅರ್ಜಿ ಓದುವುದಕ್ಕೆ ಮುಂಚೆ ನಡಾವಳಿ ಪುಸ್ತಕದ ಒಂದು ಪುಟದಲ್ಲಿ ಗೆರೆ ಎಳೆದು ನಾಲ್ಕು ಕಾಲಂ ಮಾಡಿ: ಮಗುವಿನ ಹೆಸರು, ತರಗತಿ, ಶಾಲೆ, ಕ್ಲಾಸ್ ಟೀಚರ್ ಹೆಸರು. ಸದಸ್ಯೆಯರೆಲ್ಲ ತಮ್ಮ ತಮ್ಮ ಮಕ್ಕಳದನ್ನು ಹೇಳಲಿ. ಕೊನೆಯ ಕಾಲಂ ಯಾರದು ಖಾಲಿ ಉಳಿಯುತ್ತದೋ ಆ ಮಕ್ಕಳ ಶಾಲೆಗೆ ಮೊದಲು ಹೋಗಿ ಬನ್ನಿ.